ಕಥೆ ಹುಟ್ಟಿದ ಕಥೆ: ಕಾದಂಬರಿಕಾರರ ಪ್ರೇರಣಾ ಕಥನಗಳ ಜಾನಪದೀಯ ಪರಿಶೀಲನೆ

ಕಾದಂಬರಿಯೊಂದು ಪ್ರಕಟವಾದಾಗ ಅದರ ಜೊತೆಯಲ್ಲಿಯೇ ಇನ್ನೊಂದು ಕಿರುಕಥೆಯೂ ಹುಟ್ಟಿಕೊಳ್ಳುತ್ತದೆ. ಅದು ಆ ಕಾದಂಬರಿ ಹೇಗೆ ಹುಟ್ಟಿತು ಎಂಬ ಕಥೆ. ಲೇಖಕರು ಅದನ್ನು ಅರಿಕೆಯಲ್ಲಿ ಬರೆಯುತ್ತಾರೆ, ಬಿಡುಗಡೆಯ ಸಮಾರಂಭದಲ್ಲಿ ಹೇಳುತ್ತಾರೆ, ಸಂವಾದಗಳಲ್ಲಿ ಕೇಳಿದವರಿಗೆ ಮತ್ತೆ ವಿವರಿಸುತ್ತಾರೆ, ಹಲವು ವರ್ಷಗಳ ನಂತರ ಆತ್ಮಕಥೆಯಲ್ಲಿ ವಿಸ್ತರಿಸುತ್ತಾರೆ. ಕನ್ನಡದಲ್ಲಿ ಇಂತಹ ಕಥನಗಳ ಸಂಖ್ಯೆ ದೊಡ್ಡದು. ಆದರೆ ಇವನ್ನು ಸ್ವತಂತ್ರವಾದ ಒಂದು ಕಥನ ಪ್ರಕಾರವೆಂದು ಗುರುತಿಸಿ ಅಧ್ಯಯನ ಮಾಡುವ ಕ್ರಮ ನಮ್ಮಲ್ಲಿ ಇನ್ನೂ ಗಟ್ಟಿಯಾಗಿ ನೆಲೆಗೊಂಡಿಲ್ಲ. ಈ ಕಥನಗಳನ್ನು ಜಾನಪದ ಅಧ್ಯಯನದ ಪರಿಕರಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಲ್ಲಿ ಇವನ್ನು 'ಪ್ರೇರಣಾ ಕಥನ' ಎಂದು ಕರೆಯಲಾಗಿದೆ.

ಎರಡು ನಿಲುವುಗಳು

ಲೇಖಕನು ತನ್ನ ಕೃತಿಯ ಮೂಲದ ಬಗ್ಗೆ ಆಡುವ ಮಾತನ್ನು ವಿಮರ್ಶೆ ಎರಡು ಬಗೆಯಲ್ಲಿ ಕಂಡಿದೆ. ಮೊದಲನೆಯದು, ಅದನ್ನು ಸಾಕ್ಷ್ಯವೆಂದು ಸ್ವೀಕರಿಸುವ ಜೀವನಚರಿತ್ರಾತ್ಮಕ ವಿಮರ್ಶೆಯ ನಿಲುವು. ಎರಡನೆಯದು, ಅದನ್ನು ಪೂರ್ತಿಯಾಗಿ ಬದಿಗಿಡುವ ನಿಲುವು. 1946ರಲ್ಲಿ ವಿಮ್ಸಾಟ್ ಮತ್ತು ಬಿಯರ್ಡ್‌ಸ್ಲಿ ಅವರು ಲೇಖಕನ ಉದ್ದೇಶವನ್ನು ಕೃತಿಯ ಅಳತೆಗೋಲಾಗಿ ಬಳಸುವುದು ತಪ್ಪೆಂದು ವಾದಿಸಿದ ಮೇಲೆ ಈ ಎರಡನೆಯ ನಿಲುವಿಗೆ ಬಲ ಬಂದಿತು. ನವ್ಯ ವಿಮರ್ಶೆಯ ಮೂಲಕ ಅದು ಕನ್ನಡದಲ್ಲಿಯೂ ಪ್ರಭಾವ ಬೀರಿತು.

ಜಾನಪದ ವಿದ್ವಾಂಸನಿಗೆ ಮೂರನೆಯ ದಾರಿಯೊಂದಿದೆ. 1966ರಲ್ಲಿ ಅಲನ್ ಡಂಡೆಸ್ ಅವರು ಜಾನಪದದ ಬಗ್ಗೆ ಜನರೇ ಆಡುವ ಮಾತನ್ನು, ಅಂದರೆ ಹಾಡಿನ ಬಗ್ಗೆ ಹಾಡುವವರು, ಗಾದೆಯ ಬಗ್ಗೆ ಗಾದೆ ಬಳಸುವವರು ನೀಡುವ ವಿವರಣೆಯನ್ನು 'ಮೌಖಿಕ ಸಾಹಿತ್ಯ ವಿಮರ್ಶೆ' ಎಂದು ಕರೆದು, ಅದನ್ನೂ ಸಂಗ್ರಹಿಸಬೇಕೆಂದು ಸೂಚಿಸಿದರು. ಈ ಸೂಚನೆಯನ್ನು ಕಾದಂಬರಿಕಾರರಿಗೆ ಅನ್ವಯಿಸಿದರೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಲೇಖಕ ಹೇಳಿದ್ದು ನಿಜವೇ ಎಂಬುದಕ್ಕಿಂತ, ಅವನು ಯಾರ ಮುಂದೆ, ಯಾವ ರೂಪದಲ್ಲಿ, ಯಾವ ಆಶಯಗಳನ್ನು ಬಳಸಿ ಹೇಳಿದ ಎಂಬುದು ಮುಖ್ಯವಾಗುತ್ತದೆ.

ಒಳಗಿರುವ ಕಥೆ: ಒಂದು ದೇಸಿ ಪರಿಕಲ್ಪನೆ

'ಪ್ರೇರಣೆ' ಎಂಬ ಶಬ್ದದ ಮೂಲಾರ್ಥ ಮುಂದಕ್ಕೆ ತಳ್ಳುವುದು. ತಳ್ಳುವ ಶಕ್ತಿ ಎಲ್ಲಿದೆ ಎಂಬುದಕ್ಕೆ ಕನ್ನಡ ಜನಪದರಲ್ಲಿ ಒಂದು ಸ್ಪಷ್ಟವಾದ ಉತ್ತರವಿದೆ. ಎ.ಕೆ. ರಾಮಾನುಜನ್ ಅವರು 1991ರಲ್ಲಿ ಪ್ರಕಟಿಸಿದ ಭಾರತೀಯ ಜನಪದ ಕಥೆಗಳ ಸಂಕಲನದಲ್ಲಿ ಸೇರಿರುವ ಕನ್ನಡ ಕಥೆಯೊಂದು ಹೀಗಿದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು. ಆಕೆ ಎರಡನ್ನೂ ಯಾರಿಗೂ ಹೇಳಲಿಲ್ಲ. ಒಳಗೆ ಉಸಿರು ಕಟ್ಟಿದ ಅವು ಆಕೆ ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದು, ಒಂದು ಗಂಡಸಿನ ಜೋಡಿನ ರೂಪದಲ್ಲಿ, ಇನ್ನೊಂದು ಅಂಗಿಯ ರೂಪದಲ್ಲಿ ಮನೆಯಲ್ಲಿ ಕಾಣಿಸಿಕೊಂಡವು. ಗಂಡನಿಗೆ ಸಂಶಯ ಬಂದಿತು. ಜಗಳವಾಡಿ ಹನುಮಂತನ ಗುಡಿಗೆ ಹೋಗಿ ಮಲಗಿದ. ಊರಿನ ದೀಪಗಳೆಲ್ಲ ಆರಿದ ಮೇಲೆ ಅದೇ ಗುಡಿಯಲ್ಲಿ ಸೇರಿ ಮಾತಾಡುವುದು ವಾಡಿಕೆ. ಅವುಗಳ ಮಾತಿನಿಂದ ಗಂಡನಿಗೆ ನಿಜ ತಿಳಿಯಿತು. ಅವನು ಮನೆಗೆ ಮರಳಿ ಆ ಕಥೆ, ಹಾಡು ಯಾವುವೆಂದು ಕೇಳಿದರೆ ಹೆಂಡತಿಗೆ ಅವುಗಳ ನೆನಪೇ ಉಳಿದಿರಲಿಲ್ಲ. ಗಿರೀಶ ಕಾರ್ನಾಡರ 'ನಾಗಮಂಡಲ' (1988) ನಾಟಕದಲ್ಲಿ ಜ್ಯೋತಿಗಳು ಗುಡಿಯಲ್ಲಿ ಸೇರುವ ಆರಂಭದ ದೃಶ್ಯಕ್ಕೆ ಈ ಕಥೆಯೇ ಆಧಾರ. ಇದನ್ನು ರಾಮಾನುಜನ್ ಅವರಿಂದ ಕೇಳಿದ್ದಾಗಿ ಕಾರ್ನಾಡರೇ ತಿಳಿಸಿದ್ದಾರೆ.

ಈ ಕಥೆ ಪ್ರತಿಪಾದಿಸುವ ತತ್ತ್ವ ಗಮನಾರ್ಹವಾದುದು. ಇದರ ಪ್ರಕಾರ ಕಥೆ ಹೊರಗಿನಿಂದ ಇಳಿದು ಬರುವುದಿಲ್ಲ. ಅದು ಈಗಾಗಲೇ ಒಳಗಿದೆ, ಅದಕ್ಕೆ ತನ್ನದೇ ಆದ ಜೀವವಿದೆ, ಹೇಳಿಸಿಕೊಳ್ಳುವುದು ಅದರ ಹಕ್ಕು. ಹೇಳದೆ ಇಟ್ಟುಕೊಂಡವರಿಗೆ ಅದು ತೊಂದರೆ ಕೊಡುತ್ತದೆ. ಕಾದಂಬರಿಕಾರರು "ಈ ವಸ್ತು ಬಹಳ ವರ್ಷಗಳಿಂದ ಕಾಡುತ್ತಿತ್ತು, ಬರೆಯದೆ ವಿಧಿಯಿರಲಿಲ್ಲ" ಎಂಬ ಅರ್ಥದ ಮಾತುಗಳನ್ನಾಡುವಾಗ, ತಿಳಿದೋ ತಿಳಿಯದೆಯೋ ಇದೇ ಪರಿಕಲ್ಪನೆಯನ್ನು ಬಳಸುತ್ತಿರುತ್ತಾರೆ. 'ಕಾಡುವುದು' ಎಂಬ ಕ್ರಿಯಾಪದವನ್ನು ನಾವು ದೆವ್ವಕ್ಕೂ ನೆನಪಿಗೂ ಸಮಾನವಾಗಿ ಬಳಸುತ್ತೇವೆ ಎಂಬುದನ್ನು ಇಲ್ಲಿ ನೆನೆಯಬಹುದು.

ಮೂರು ಪ್ರಧಾನ ಆಶಯಗಳು

ಕನ್ನಡದ ಪ್ರೇರಣಾ ಕಥನಗಳಲ್ಲಿ ಪುನರಾವರ್ತನೆಯಾಗುವ ಆಶಯಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು 'ಕೇಳಿದ ಕಥೆ'. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976) ಇದಕ್ಕೆ ಅತ್ಯುತ್ತಮ ನಿದರ್ಶನ. ಬಾಲ್ಯದಲ್ಲಿಯೇ ವಿಧವೆಯಾಗಿ ಶತಮಾನಕ್ಕೂ ಮೀರಿ ಬದುಕಿದ, ತಮ್ಮ ಬಂಧುವರ್ಗದ ಹಿರಿಯ ಹೆಣ್ಣುಮಗಳೊಬ್ಬರ ಬದುಕು ಈ ಕಾದಂಬರಿಯ ವಸ್ತು. ಫಣಿಯಮ್ಮನವರು ಇಂದಿರಾ ಅವರ ತಾಯಿಗೆ ಹೇಳಿದ್ದು, ತಾಯಿ ಮಗಳಿಗೆ ಹೇಳಿದ್ದು, ಮಗಳು ಬರೆದದ್ದು ಎಂಬ ಸರಣಿಯಲ್ಲಿ ಅದು ಮುದ್ರಣಕ್ಕೆ ತಲುಪಿದೆ. ಜಾನಪದ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಮನೆಯೊಳಗಿನ ಮೌಖಿಕ ಪರಂಪರೆಯ ಪ್ರಸರಣ. ಮಡಿ ಹೆಂಗಸಿನ ಅನುಭವ ಜಗಲಿಗೆ ಬಾರದೆ, ಹೆಂಗಸರ ನಡುವೆಯೇ ಹರಿದು, ಲೇಖಕಿಯೊಬ್ಬರ ಕೈಗೆ ಸಿಕ್ಕಿದ ಕಾರಣದಿಂದ ಮಾತ್ರ ಸಾರ್ವಜನಿಕವಾಯಿತು. ಗೋಪಾಲಕೃಷ್ಣ ಪೈ ಅವರ 'ಸ್ವಪ್ನ ಸಾರಸ್ವತ' (2009) ಕೂಡ ಇದೇ ಗುಂಪಿಗೆ ಹತ್ತಿರದ್ದು. ಪೋರ್ಚುಗೀಸರ ಆಳ್ವಿಕೆಯ ಕಾಲದಲ್ಲಿ ಗೋವೆಯನ್ನು ತೊರೆದು ದಕ್ಷಿಣಕ್ಕೆ ಬಂದ ಸಾರಸ್ವತರ ವಲಸೆಯ ನೆನಪು ಈ ಕೃತಿಯ ತಳಹದಿ. 'ಕೇಳಿದ ಕಥೆ'ಯ ಆಶಯ ಕೆಲವೊಮ್ಮೆ ಅರಿಕೆಯ ಮಾತಾಗಿ ಹೊರಗುಳಿಯದೆ ಕಾದಂಬರಿಯ ರಚನೆಯೊಳಗೇ ಪ್ರವೇಶಿಸುತ್ತದೆ. ಚಂದ್ರಶೇಖರ ಕಂಬಾರರ 'ಸಿಂಗಾರೆವ್ವ ಮತ್ತು ಅರಮನೆ' (1982) ಕಾದಂಬರಿಯಲ್ಲಿ ಶೀನಿಂಗವ್ವನು ಹೇಳುವವಳಾಗಿಯೂ ಲೇಖಕ ಕೇಳುವವನಾಗಿಯೂ ಕಾಣಿಸಿಕೊಳ್ಳುವುದು ಇದಕ್ಕೆ ಸಾಕ್ಷಿ.

ಎರಡನೆಯದು 'ಕಂಡ ದೃಶ್ಯ'. ಎಸ್.ಎಲ್. ಭೈರಪ್ಪನವರು 'ಪರ್ವ' (1979) ಕಾದಂಬರಿಯ ಮೂಲವನ್ನು ಕುರಿತು ಬರೆಯುವಾಗ, ಹಿಮಾಲಯದ ಗಢವಾಲ್ ಪ್ರದೇಶದ ಹಳ್ಳಿಯೊಂದರಲ್ಲಿ ಬಹುಪತಿತ್ವದ ರೂಢಿಯನ್ನು ಕಂಡದ್ದನ್ನು ನೆನೆಯುತ್ತಾರೆ. ಗ್ರಂಥದಲ್ಲಿ ಓದಿದ ದ್ರೌಪದಿಯ ಬದುಕು ಅಲ್ಲಿ ಜೀವಂತ ಆಚರಣೆಯಾಗಿ ಎದುರಾಯಿತು. ಮಹಾಭಾರತವನ್ನು ಒಂದು ಸಮಾಜದ ನಡಾವಳಿಯಾಗಿ ನೋಡುವ ದೃಷ್ಟಿಗೆ ಈ ಅನುಭವ ಆಧಾರವಾಯಿತು. ಅದರ ಬೆನ್ನಿಗೇ ವ್ಯಾಪಕವಾದ ಓದು, ಮಹಾಭಾರತಕ್ಕೆ ಸಂಬಂಧಿಸಿದ ಸ್ಥಳಗಳ ಪ್ರವಾಸ ನಡೆದವು. ನಾ. ಡಿಸೋಜ ಅವರ 'ಮುಳುಗಡೆ', 'ದ್ವೀಪ' ಮೊದಲಾದ ಕಾದಂಬರಿಗಳ ಹಿಂದೆಯೂ ಕಣ್ಣಾರೆ ಕಂಡ ವಾಸ್ತವವಿದೆ. ಶರಾವತಿ ಯೋಜನೆಯ ಪ್ರದೇಶದಲ್ಲಿ ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದ ಅವರು ನೆಲ ಕಳೆದುಕೊಂಡವರ ಬದುಕನ್ನು ಹತ್ತಿರದಿಂದ ಬಲ್ಲವರಾಗಿದ್ದರು.

ಮೂರನೆಯದು 'ದೂರದಲ್ಲಿ ಹತ್ತಿದ ಕಿಡಿ'. ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' (1965) ಕುರಿತ ಪ್ರೇರಣಾ ಕಥನ ಕನ್ನಡದಲ್ಲಿ ಬಹುಶಃ ಅತ್ಯಂತ ಪ್ರಸಿದ್ಧವಾದುದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಅವರು ತಮ್ಮ ಅಧ್ಯಾಪಕ ಮಾಲ್ಕಂ ಬ್ರಾಡ್‌ಬರಿ ಅವರೊಡನೆ ಇಂಗ್ಮರ್ ಬರ್ಗ್‌ಮನ್‌ನ 'ದಿ ಸೆವೆಂತ್ ಸೀಲ್' ಚಲನಚಿತ್ರವನ್ನು ಅಡಿಬರಹವಿಲ್ಲದೆ ನೋಡಿದರು. ಯೂರೋಪಿನವರು ಕಲ್ಪಿಸಿಕೊಂಡು ಕಟ್ಟಬೇಕಾದ ಮಧ್ಯಯುಗ ಭಾರತೀಯನಾದ ತನಗೆ ಬದುಕಿನ ಭಾಗವೇ ಆಗಿದೆ ಎಂಬ ಮಾತು ಅಲ್ಲಿ ಬಂದಿತು. ಹಾಗಿದ್ದರೆ ಅದನ್ನು ಬರೆಯಬೇಕೆಂಬ ಒತ್ತಾಯವೂ ಬಂದಿತು. ಆ ಚಿತ್ರದಲ್ಲಿ ಪ್ಲೇಗ್ ಇದೆ. ಲೇಖಕರ ಮಲೆನಾಡಿನ ಬಾಲ್ಯದ ನೆನಪಿನಲ್ಲಿಯೂ ಪ್ಲೇಗ್ ಇದೆ. ಕಿಡಿ ಹೊರಗಿನದಾದರೂ ಉರಿದ ಕಟ್ಟಿಗೆ ಅಗ್ರಹಾರದ್ದೇ.

ಈ ಮೂರು ಆಶಯಗಳು ಒಂದನ್ನೊಂದು ಹೊರತುಪಡಿಸುವಂಥವಲ್ಲ. ಒಂದೇ ಕೃತಿಯ ಬಗ್ಗೆ ಲೇಖಕರು ಒಮ್ಮೆ ಕೇಳಿದ್ದನ್ನೂ ಇನ್ನೊಮ್ಮೆ ಕಂಡದ್ದನ್ನೂ ಮುಂದೆ ಮಾಡಬಹುದು.

ಮರುಹೇಳಿಕೆ ಮತ್ತು ಪಾಠಾಂತರ

ಮೌಖಿಕ ಕಥನದ ಮೂಲ ಲಕ್ಷಣ ಪಾಠಾಂತರ. ಪ್ರೇರಣಾ ಕಥನವೂ ಮತ್ತೆ ಮತ್ತೆ ಹೇಳಲ್ಪಡುತ್ತ ಒಂದು ಸ್ಥಿರವಾದ ಹಂದರವನ್ನು ಪಡೆಯುತ್ತದೆ. ಉಳಿದ ವಿವರಗಳು ಹಿಗ್ಗುತ್ತವೆ, ಕುಗ್ಗುತ್ತವೆ. 'ಸಂಸ್ಕಾರ'ದ ಕಥನದಲ್ಲಿ ಚಲನಚಿತ್ರ, ಅಡಿಬರಹದ ಅಭಾವ, ಅಧ್ಯಾಪಕರ ಮಾತು ಎಂಬ ಮೂರು ಅಂಶಗಳು ಹಂದರವಾಗಿ ನಿಂತಿವೆ. ಬಾಲ್ಯದ ಅಗ್ರಹಾರದ ನೆನಪು ಎಷ್ಟು ಬರುತ್ತದೆ ಎಂಬುದು ಸಂದರ್ಭವನ್ನು ಅವಲಂಬಿಸುತ್ತದೆ.

ತುಳುವಿನ ಸಿರಿ ಮಹಾಕಾವ್ಯದ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. 1990ರಲ್ಲಿ ಗೋಪಾಲ ನಾಯ್ಕರು ಹಾಡಿದ 15,683 ಸಾಲುಗಳ ಪಠ್ಯವನ್ನು ಫಿನ್ಲೆಂಡಿನ ಲೌರಿ ಹಾಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಅವರ ಸಹಭಾಗಿತ್ವದಲ್ಲಿ ದಾಖಲಿಸಿ 1998ರಲ್ಲಿ ಪ್ರಕಟಿಸಿದರು. ಹಾಡುಗಾರನ ಮನಸ್ಸಿನಲ್ಲಿ ಕಥಾಸರಣಿ, ಪಾತ್ರಗಳು, ಸಿದ್ಧ ನುಡಿಕಟ್ಟುಗಳು ಸೇರಿ ಒಂದು 'ಮಾನಸಿಕ ಪಠ್ಯ' ಇರುತ್ತದೆ, ಪ್ರತಿ ಪ್ರದರ್ಶನವೂ ಅದರ ಒಂದು ಸಾಕ್ಷಾತ್ಕಾರ ಎಂಬುದು ಹಾಂಕೊ ಅವರ ಪ್ರತಿಪಾದನೆ. ಪ್ರೇರಣಾ ಕಥನವನ್ನು ಈ ದೃಷ್ಟಿಯಿಂದ ನೋಡಿದರೆ, ಎರಡು ಸಂದರ್ಶನಗಳ ನಡುವಿನ ವ್ಯತ್ಯಾಸವನ್ನು ಲೇಖಕರ ಮರೆವು ಅಥವಾ ಸುಳ್ಳು ಎಂದು ತೀರ್ಮಾನಿಸುವ ಆತುರ ತಪ್ಪುತ್ತದೆ. ವ್ಯತ್ಯಾಸವೇ ಅಧ್ಯಯನದ ಸಾಮಗ್ರಿಯಾಗುತ್ತದೆ.

ಸಾಮ್ಯದಿಂದ ಮೂಲಕ್ಕೆ: ಒಂದು ಎಚ್ಚರಿಕೆ

ಲೇಖಕರು ಮೂಲವನ್ನು ಹೇಳದೆ ಇದ್ದಾಗ ಸಂಶೋಧಕರು ಅದನ್ನು ಊಹಿಸಲು ಹೊರಡುವುದುಂಟು. ದೇವನೂರ ಮಹಾದೇವ ಅವರ 'ಕುಸುಮಬಾಲೆ' (1984) ಕಾದಂಬರಿಯಲ್ಲಿ ಜೋತಮ್ಮಗಳು ರಾತ್ರಿಯಲ್ಲಿ ಸೇರಿ ಮಾತಾಡುವ ಸನ್ನಿವೇಶವಿದೆ. ಮೇಲೆ ಹೇಳಿದ ಜನಪದ ಕಥೆಯಲ್ಲಿಯೂ 'ನಾಗಮಂಡಲ'ದಲ್ಲಿಯೂ ದೀಪಗಳು ಮಾತಾಡುತ್ತವೆ. ಈ ಸಾಮ್ಯವನ್ನು ಕಂಡ ಕೂಡಲೇ ಒಂದರಿಂದ ಇನ್ನೊಂದು ಬಂದಿತೆಂದು ಹೇಳುವುದು ಶಾಸ್ತ್ರೀಯವಾಗದು. ದೀಪಕ್ಕೆ ಜೀವವಿದೆ, ಅದು ಮನೆಯ ಗುಟ್ಟನ್ನು ಬಲ್ಲದು ಎಂಬ ನಂಬಿಕೆ ಒಂದು ಸಾಮಾನ್ಯ ಭಂಡಾರ. ದೀಪ 'ಆರಿಸು' ಎನ್ನದೆ 'ದೊಡ್ಡದು ಮಾಡು', 'ಶಾಂತ ಮಾಡು' ಎನ್ನುವ ನಮ್ಮ ಮನೆಮಾತಿನಲ್ಲಿಯೂ ಅದರ ಕುರುಹಿದೆ. 'ಕುಸುಮಬಾಲೆ'ಯ ಸಂದರ್ಭದಲ್ಲಿ ಪ್ರೇರಣೆಯನ್ನು ಒಂದು ಘಟನೆಯಲ್ಲಿ ಹುಡುಕುವುದಕ್ಕಿಂತ ನಂಜನಗೂಡು ಸೀಮೆಯ ಆಡುನುಡಿಯಲ್ಲಿ, ಆ ನುಡಿಯನ್ನು ಬದುಕುವ ಸಮುದಾಯದ ಲೋಕದೃಷ್ಟಿಯಲ್ಲಿ ಹುಡುಕುವುದು ಹೆಚ್ಚು ಉಚಿತ.

ಹೇಳಿದವರ ಹೆಸರು

ಈ ಅಧ್ಯಯನದ ಹಿಂದೆ ಒಂದು ನೈತಿಕ ಪ್ರಶ್ನೆಯೂ ಇದೆ. ಅದು, ಕಥೆಯನ್ನು ಮೊದಲು ಹೇಳಿದವರು ಯಾರು ಎಂಬುದು. ಜನಪದ ಸಾಹಿತ್ಯ ಸಂಗ್ರಹದ ಆರಂಭದ ಘಟ್ಟದಲ್ಲಿ ಸಂಗ್ರಾಹಕರ ಹೆಸರು ಮುಖಪುಟದಲ್ಲಿದ್ದು ಹಾಡಿದವರ ಹೆಸರು ಎಲ್ಲಿಯೂ ಇರದ ಪುಸ್ತಕಗಳು ಸಾಕಷ್ಟು ಬಂದವು. ಕ್ರಮೇಣ ಶಿಸ್ತು ತನ್ನನ್ನು ತಿದ್ದಿಕೊಂಡಿತು. ವಕ್ತೃವಿನ ಹೆಸರು, ವಯಸ್ಸು, ಊರು, ದಾಖಲಾತಿಯ ದಿನಾಂಕ ಇಲ್ಲದ ಪಠ್ಯವನ್ನು ಇಂದು ನಾವು ಅಪೂರ್ಣವೆಂದು ಭಾವಿಸುತ್ತೇವೆ.

ಕಾದಂಬರಿಯಿಂದ ಇದೇ ಶಿಸ್ತನ್ನು ನಿರೀಕ್ಷಿಸುವುದು ಸರಿಯಲ್ಲ. ಕಲ್ಪನೆಗೆ ರಸೀದಿ ಕೇಳಲಾಗದು. ಜೊತೆಗೆ, ಹೇಳಿದವರ ಗುರುತು ಬಹಿರಂಗವಾದರೆ ಅವರಿಗೆ ಅಥವಾ ಅವರ ಮನೆತನಕ್ಕೆ ನೋವಾಗುವ ಸಂದರ್ಭಗಳೂ ಇವೆ. ಆದರೂ ಪರಿಸ್ಥಿತಿಯ ಇನ್ನೊಂದು ಮುಖವನ್ನು ಮರೆಯಬಾರದು. ಅಜ್ಜಿ, ಸೋದರತ್ತೆ, ಮನೆಗೆಲಸದಾಕೆ, ಕೂಲಿಯಾಳು, ಊರೂರು ತಿರುಗುವ ಹಾಡುಗಾರ ಮೊದಲಾದವರ ಕಥನಶಕ್ತಿಗೆ ಮುದ್ರಿತ ಲೋಕದಲ್ಲಿ ಉಳಿಯುವ ದಾಖಲೆ ಅನೇಕ ವೇಳೆ ಲೇಖಕರ ಅರಿಕೆಯ ಒಂದು ವಾಕ್ಯ ಮಾತ್ರ. 'ಫಣಿಯಮ್ಮ' ಕೃತಿಯಲ್ಲಿ ಆ ಸರಣಿ ಕಾಣುವಂತೆ ಉಳಿದಿದೆ. ಆದ್ದರಿಂದ ಅದು ಕಾದಂಬರಿಯಾಗಿರುವಂತೆಯೇ ಮೂರು ತಲೆಮಾರಿನ ಹೆಂಗಸರ ಕಥನ ಪರಂಪರೆಯ ದಾಖಲೆಯೂ ಆಗಿದೆ. 'ಯಾರೋ ಒಬ್ಬ ಮುದುಕಿ ಹೇಳಿದ್ದು' ಎಂದು ಮುಗಿದು ಹೋಗುವ ಅರಿಕೆಗಳಲ್ಲಿ ಆ ದಾಖಲೆ ಅಷ್ಟಕ್ಕೇ ನಿಲ್ಲುತ್ತದೆ.

ಸಂಶೋಧಕರು ಮತ್ತು ಗ್ರಂಥಾಲಯಗಳು ಗಮನಿಸಬೇಕಾದದ್ದು

ಈ ಕಥನಗಳ ಬಹುಭಾಗ ನಶ್ವರವಾದ ಜಾಗಗಳಲ್ಲಿದೆ. ಮರುಮುದ್ರಣದಲ್ಲಿ ಮೊದಲ ಮುದ್ರಣದ ಅರಿಕೆಯನ್ನು ಕೈಬಿಡುವುದು, ಹೊಸ ಮಾತನ್ನು ಸೇರಿಸುವುದು ಸಾಮಾನ್ಯ. ಬೆನ್ನುಡಿಯಿರುವ ಹೊದಿಕೆ ರಟ್ಟು ಕಟ್ಟುವಾಗ ಕಳೆದುಹೋಗುತ್ತದೆ. ಬಿಡುಗಡೆಯ ಭಾಷಣ ಪತ್ರಿಕಾ ವರದಿಯಲ್ಲಿ ಎರಡು ವಾಕ್ಯವಾಗಿ ಉಳಿಯುತ್ತದೆ. ಈ ಹಿನ್ನೆಲೆಯಲ್ಲಿ ಕೆಲವು ಸೂಚನೆಗಳನ್ನು ಮಾಡಬಹುದು.

ಒಂದು, ಗ್ರಂಥಾಲಯಗಳು ಮುಖ್ಯ ಕಾದಂಬರಿಗಳ ಮೊದಲ ಮುದ್ರಣವನ್ನು ಹೊದಿಕೆಯ ಸಮೇತ ಕಾಪಾಡಬೇಕು. ಪ್ರತಿ ಮುದ್ರಣದಲ್ಲಿ ಲೇಖಕರ ಮಾತು ಇದೆಯೇ, ಬದಲಾಗಿದೆಯೇ ಎಂಬುದನ್ನು ಸೂಚಿಯಲ್ಲಿ ನಮೂದಿಸಬೇಕು. ಎರಡು, ಲೇಖಕರೊಡನೆ ನಡೆಯುವ ಸಂವಾದಗಳನ್ನು ಸ್ಥಳ, ದಿನಾಂಕ, ಸಭಿಕರ ಸ್ವರೂಪದ ವಿವರಗಳೊಂದಿಗೆ ಧ್ವನಿಮುದ್ರಿಸಿ ಇಡಬೇಕು. ಮೂರು, ಸಂಶೋಧಕರು ಒಂದೇ ಹೇಳಿಕೆಯನ್ನು ನೆಚ್ಚದೆ ದೊರೆಯುವ ಪಾಠಾಂತರಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಬೇಕು. ನಾಲ್ಕು, ಲೇಖಕರು ಮೂಲ ವಕ್ತೃಗಳನ್ನು ಹೆಸರಿಸಿದ್ದರೆ, ಅವರ ಅಥವಾ ಮನೆಯವರ ಒಪ್ಪಿಗೆ ಪಡೆದು ಅವರ ಪಾಠವನ್ನೂ ಸಾಧ್ಯವಾದಷ್ಟು ಬೇಗ ದಾಖಲಿಸಬೇಕು.

ಕೊನೆಯ ಸೂಚನೆಗೆ ಆತುರದ ಕಾರಣವಿದೆ. ಅನಂತಮೂರ್ತಿಯವರು 2014ರಲ್ಲಿ, ಕಾರ್ನಾಡರು 2019ರಲ್ಲಿ, ಡಿಸೋಜ ಮತ್ತು ಭೈರಪ್ಪನವರು 2025ರಲ್ಲಿ ನಮ್ಮನ್ನಗಲಿದರು. ಅವರ ಮಾತುಗಳಾದರೂ ಗ್ರಂಥಗಳಲ್ಲಿ, ಧ್ವನಿಮುದ್ರಣಗಳಲ್ಲಿ ಉಳಿದಿವೆ. ಅಂತಹ ಲೇಖಕರಿಗೆ ಕಥೆ ಹೇಳಿದವರು ಅವರಿಗಿಂತ ಹಿರಿಯ ತಲೆಮಾರಿನವರು. ಅವರಲ್ಲಿ ಹೆಚ್ಚಿನವರ ಧ್ವನಿ ಎಲ್ಲಿಯೂ ಇಲ್ಲ. ಜನಪದ ಕಥೆಯ ಹೆಂಗಸು ಹೊರಬಿದ್ದ ಕಥೆಯನ್ನು ತಾನೇ ಮರೆತಿದ್ದಳು, ಗಂಡ ಕೇಳುವ ಹೊತ್ತಿಗೆ ತಡವಾಗಿತ್ತು. ಇಂದು ಬರೆಯುತ್ತಿರುವ ಕಾದಂಬರಿಕಾರರ ವಿಷಯದಲ್ಲಿ, ಅವರಿಗೆ ಕಥೆ ಹೇಳುತ್ತಿರುವವರ ವಿಷಯದಲ್ಲಿ ಕೇಳುವ ಅವಕಾಶ ಇನ್ನೂ ಇದೆ. ಅದನ್ನು ಬಳಸಿಕೊಳ್ಳುವುದು ಜಾನಪದ ಅಧ್ಯಯನದ ಮತ್ತು ಗ್ರಂಥಾಲಯಗಳ ಜಂಟಿ ಹೊಣೆ.