ಮುಂಡರಗಿಯ ರಸ್ತೆಗಳೂ ಹಾದಿಹೋಕರೂ

ಊರು ಬೆಳೆಯುವದು ಸಂತೋಷದ ಸಂಗತಿಯೇ ಸರಿ. ಆದರೆ ಊರು ಬೆಳೆದಂತೆ ಅದರ ಬೀದಿಗಳ ವ್ಯವಸ್ಥೆಯೂ ಬೆಳೆಯದಿದ್ದರೆ, ಆ ಬೆಳವಣಿಗೆಯ ಬೆಲೆಯನ್ನು ಬಡ ಹಾದಿಹೋಕನು ತನ್ನ ಕೈಕಾಲುಗಳಿಂದ, ಒಮ್ಮೊಮ್ಮೆ ಪ್ರಾಣದಿಂದಲೇ ತೆರಬೇಕಾಗುತ್ತದೆ. 1858ರ ಬಂಡಾಯದ ಭೀಮರಾಯನಿಂದ ನಾಡಿಗೆಲ್ಲ ಪರಿಚಿತವಾದ ಮುಂಡರಗಿಯು ಇಂದು ಈ ವಿಚಾರವನ್ನು ಮುಂದೂಡಲಾರದ ಘಟ್ಟಕ್ಕೆ ಬಂದಿದೆ ಎಂಬುದು ನಮ್ಮ ಅಭಿಪ್ರಾಯ.

ಮುಂಡರಗಿಗೆ ರೈಲುದಾರಿಯಿಲ್ಲ. ಆದುದರಿಂದ ಊರಿಗೆ ಬರುವ ಮನುಷ್ಯನೂ ಮಾಲೂ ರಸ್ತೆಯಿಂದಲೇ ಬರಬೇಕು. ಡಂಬಳದ ಮೇಲಿಂದ ಗದಗಿನ ರಸ್ತೆ, ಅಳವಂಡಿಯ ಮೇಲಿಂದ ಕೊಪ್ಪಳದ ರಸ್ತೆ, ಶಿರಹಟ್ಟಿಯ ರಸ್ತೆ, ಕೊರ್ಲಹಳ್ಳಿಯ ಹತ್ತಿರ ತುಂಗಭದ್ರೆಯನ್ನು ದಾಟಿ ಬರುವ ಹೂವಿನಹಡಗಲಿಯ ರಸ್ತೆ, ಇವೆಲ್ಲ ಇಲ್ಲಿ ಕೂಡುತ್ತವೆ. ಗಂಗಾಪುರದ ಸಕ್ಕರೆ ಕಾರ್ಖಾನೆಯ ಹಂಗಾಮಿನಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು, ಹೊಳೆಯ ಉಸುಕಿನ ಲಾರಿಗಳು, ಸುತ್ತಲಿನ ಹಳ್ಳಿಗಳ ಮೋಟಾರು ಸೈಕಲ್ಲುಗಳು ಇವೇ ರಸ್ತೆಗಳಲ್ಲಿ ಸಂಚರಿಸುತ್ತವೆ. ಶಾಲೆಗೆ ಹೋಗುವ ಮಕ್ಕಳೂ ಕಚೇರಿಗೂ ದವಾಖಾನೆಗೂ ನಡೆದುಬರುವ ವೃದ್ಧರೂ ಅವನ್ನೇ ದಾಟಬೇಕು. ದೂರದ ಊರಿಗೆ ಹೋಗುವವನಿಗೆ ಅದು ಹೆದ್ದಾರಿ; ಊರವನಿಗೆ ಅದು ಪೇಟೆಯ ಬೀದಿ. ಒಂದೇ ದಾರಿಯು ಈ ಎರಡು ಕೆಲಸಗಳನ್ನೂ ಮಾಡಬೇಕಾಗಿ ಬಂದುದೇ ಅಪಾಯದ ಮೂಲವು.

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನರು ಮಡಿದರೆಂದು ಕೇಂದ್ರ ಸರಕಾರದ ವರದಿಯೇ ಹೇಳುತ್ತದೆ. ಅವರಲ್ಲಿ ನೂರಕ್ಕೆ 60ಕ್ಕೂ ಮಿಕ್ಕಿ ಜನರು ದ್ವಿಚಕ್ರ ವಾಹನದವರು ಇಲ್ಲವೆ ಕಾಲುನಡಿಗೆಯವರು. ವಾಹನದ ವೇಗವು ಇಮ್ಮಡಿಯಾದರೆ ಅದರ ಹೊಡೆತದ ಶಕ್ತಿಯು ನಾಲ್ಮಡಿಯಾಗುತ್ತದೆ. ಇದು ನಿಸರ್ಗದ ನಿಯಮ. ಆದುದರಿಂದಲೇ ಜನರೂ ವಾಹನಗಳೂ ಬೆರೆಯುವ ಸ್ಥಳಗಳಲ್ಲಿ ತಾಸಿಗೆ 30 ಕಿಲೋಮೀಟರಿಗಿಂತ ಹೆಚ್ಚು ವೇಗ ಕೂಡದೆಂದು 2020ರ ಸ್ಟಾಕ್‌ಹೋಮ್ ಘೋಷಣೆಯು ಸಾರಿತು. ಸ್ವೀಡನ್ನಿನ ಮಗುವಿನ ಎಲುಬಿಗೂ ಮುಂಡರಗಿಯ ಮಗುವಿನ ಎಲುಬಿಗೂ ಭೇದವಿಲ್ಲ.

ರಸ್ತೆಯನ್ನು ಅಗಲ ಮಾಡಿದರೆ ಎಲ್ಲವೂ ಸರಿಹೋಗುವದೆಂದು ಅನೇಕರು ನಂಬಿದ್ದಾರೆ. ಅಗಲವು ಅವಶ್ಯವಿದ್ದಲ್ಲಿ ಆಗಲಿ. ಆದರೆ ಬರಿಯ ಅಗಲವು ವೇಗಕ್ಕೆ ಆಹ್ವಾನವಲ್ಲದೆ ಬೇರಲ್ಲ. ದಾಟುವ ಮುದುಕಿಗೆ ಅದರಿಂದ ಹಾದಿಯು ಇನ್ನಷ್ಟು ಉದ್ದವಾಗುವದು. ಮೊದಲು ಬೇಕಾದದ್ದು ಕಾಲುದಾರಿ. ಅದು ಕನಿಷ್ಠ 1.8 ಮೀಟರು ಅಗಲವಿರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸೂತ್ರವಿದೆ. ವೇಗ ತಡೆಯುವ ದಿಬ್ಬಕ್ಕೂ ಅದೇ ಸಂಸ್ಥೆಯು 3.7 ಮೀಟರು ಅಗಲ, 10 ಸೆಂಟಿಮೀಟರು ಎತ್ತರವೆಂದು ಅಳತೆ ಕೊಟ್ಟಿದೆ. ಯಾರೋ ಮನಬಂದಂತೆ ಒಡ್ಡು ಹಾಕಿ, ಬಣ್ಣವನ್ನೂ ಬಳಿಯದೆ, ದೀಪವನ್ನೂ ಇಡದೆ ಬಿಟ್ಟರೆ ಅದು ರಕ್ಷಣೆಯಲ್ಲ, ಇನ್ನೊಂದು ಅಪಘಾತದ ಕಾರಣ.

ಕಾಲುದಾರಿಯ ಮಾತು ಬಂದೊಡನೆ ಬುಟ್ಟಿ ಇಟ್ಟುಕೊಂಡು ಕೂತ ಕಾಯಿಪಲ್ಲೆಯವಳ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ಆಕೆಯನ್ನು ಎಬ್ಬಿಸುವದೇ ಸುಧಾರಣೆಯೆಂದು ತಿಳಿಯುವದು ತಪ್ಪು. 2014ರ ಬೀದಿ ವ್ಯಾಪಾರಿಗಳ ಕಾಯದೆಯ ಮೇರೆಗೆ, ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ವರೆಗೆ ಯಾರನ್ನೂ ಎಬ್ಬಿಸಕೂಡದು. ಸ್ಥಳ ಗೊತ್ತುಮಾಡುವ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಷ್ಟು ವ್ಯಾಪಾರಿಗಳೇ ಇರಬೇಕು. ಬುಟ್ಟಿಯ ವ್ಯಾಪಾರಕ್ಕೆ ಬೇಕಾಗುವ ಜಾಗವೆಷ್ಟು, ಅಂಗಡಿಯ ಮುಂದೆ ದಿನವಿಡೀ ನಿಲ್ಲುವ ಮೋಟಾರು ನುಂಗುವ ಜಾಗವೆಷ್ಟು ಎಂಬುದನ್ನು ಸಭ್ಯ ನಾಗರಿಕರು ಒಮ್ಮೆ ತೂಗಿ ನೋಡಲಿ.

ಬಸ್ಸಿನ ಸೌಕರ್ಯವೂ ಇದೇ ಪ್ರಶ್ನೆಯ ಅಂಗ. 2023ರ ಜೂನ್ 11ರಂದು ಶಕ್ತಿ ಯೋಜನೆಯು ಆರಂಭವಾಗಿ ಸ್ತ್ರೀಯರಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರವಾಸ ದೊರೆಯಿತು. ಪ್ರವಾಸವು ಉಚಿತವಾದರೆ ಸಾಲದು. ಬಸ್ಸಿನಿಂದಿಳಿದ ಹೆಣ್ಣುಮಗಳು ದೀಪವಿದ್ದ ಬೀದಿಯಲ್ಲಿ ನಿರ್ಭಯವಾಗಿ ಮನೆ ಸೇರುವಂತಿರಬೇಕು. ಟಂಟಂಗಳಿಗೂ ಆಟೋರಿಕ್ಷಾಗಳಿಗೂ ನಿಲ್ಲುವ ಸ್ಥಳವನ್ನು ಗೊತ್ತುಮಾಡದೆ, ಅವು ಬಸ್ಸಿನ ಬಾಯಿಗೆ ಅಡ್ಡ ನಿಲ್ಲುತ್ತವೆಂದು ದೂರಿ ಫಲವೇನು?

ಇದಕ್ಕೆಲ್ಲ ಅಧಿಕಾರವಿಲ್ಲವೆಂಬ ನೆವವು ನಡೆಯದು. 1988ರ ಮೋಟಾರು ವಾಹನ ಕಾಯದೆಯ 112ನೆಯ ಕಲಮಿನಿಂದ ವೇಗವನ್ನು ತಗ್ಗಿಸಬಹುದು. 115ನೆಯದರಿಂದ ಭಾರದ ವಾಹನಗಳನ್ನು ನಿರ್ಬಂಧಿಸಬಹುದು. 117ನೆಯದರಿಂದ ವಾಹನ ನಿಲ್ಲುವ ಸ್ಥಳಗಳನ್ನು ನಿರ್ಣಯಿಸಬಹುದು. 2019ರ ತಿದ್ದುಪಡಿಯು ಇನ್ನೂ ಮುಂದೆ ಹೋಗಿ, ರಸ್ತೆಯ ರಚನೆಯಲ್ಲಿಯೋ ದುರಸ್ತಿಯಲ್ಲಿಯೋ ನಿಯಮ ತಪ್ಪಿದುದರಿಂದ ಮರಣವುಂಟಾದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿಯ ವರೆಗೆ ದಂಡವನ್ನು ವಿಧಿಸಿದೆ. ಕೊರತೆಯಿರುವದು ಕಾಯದೆಯಲ್ಲಲ್ಲ, ಕೂಡಿ ಕೆಲಸಮಾಡುವ ಬುದ್ಧಿಯಲ್ಲಿ. ಹೆದ್ದಾರಿಯು ಲೋಕೋಪಯೋಗಿ ಇಲಾಖೆಯದು, ದೀಪವೂ ಗಟಾರವೂ ಪುರಸಭೆಯವು, ಬಸ್ಸು ವಾಯವ್ಯ ಸಾರಿಗೆ ಸಂಸ್ಥೆಯದು, ನಿಯಂತ್ರಣವು ಪೋಲೀಸರದು. ಹೀಗೆ ನಾಲ್ವರಿಗೆ ಹಂಚಿದ ಹೊಣೆಯು ಯಾರ ತಲೆಯ ಮೇಲೂ ಕೂಡದೆ ಹೋಗುವ ಭಯವಿದೆ.

ಆದಕಾರಣ ನಮ್ಮ ಸೂಚನೆಯಿಷ್ಟೇ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷಾ ಸಮಿತಿಯು ಈ ನಾಲ್ವರನ್ನೂ ಮುಂಡರಗಿಯಲ್ಲಿಯೇ ಕೂಡಿಸಿ, ಊರ ಬೀದಿಗಳಲ್ಲಿ ಕಾಲುನಡಿಗೆಯಿಂದ ತಿರುಗಿಸಲಿ. ಎಲ್ಲೆಲ್ಲಿ ಜನರಿಗೆ ಪೆಟ್ಟಾಗಿದೆಯೆಂಬುದನ್ನು ಪೋಲೀಸರ ದಾಖಲೆಯಿಂದ ತೆಗೆದು ನಕಾಶೆಯ ಮೇಲೆ ಗುರುತಿಸಲಿ. ಶಾಲೆ ಕೂಡುವ ಮತ್ತು ಬಿಡುವ ವೇಳೆಗೆ ಲಾರಿಗಳೂ ಕಬ್ಬಿನ ಗಾಡಿಗಳೂ ಪೇಟೆಯನ್ನು ಪ್ರವೇಶಿಸದಂತೆ ಮೊದಲು ಆಜ್ಞೆಯಾಗಲಿ. ಇದಕ್ಕೆ ದೊಡ್ಡ ಖರ್ಚಿಲ್ಲ. ದಾಟುವ ಗೆರೆ, ದೀಪ, ಕಾಲುದಾರಿಗಳು ಪುರಸಭೆಯ ಮುಂದಿನ ಅಂದಾಜುಪತ್ರಿಕೆಯಲ್ಲಿ ಬರಲಿ. ದೂರದ ವಾಹನಗಳು ಊರ ಹೊರಗಿನಿಂದಲೇ ಸಾಗುವ ಏರ್ಪಾಡು ಹೆಚ್ಚಿನ ಹಣದ ಕೆಲಸವಾದುದರಿಂದ ಅದನ್ನು ಸರಕಾರವು ಕೈಕೊಳ್ಳಲಿ.

ನಾಗರಿಕರಿಗೂ ಒಂದು ಮಾತು. ಹೆಲ್ಮೆಟ್ಟನ್ನು ಹ್ಯಾಂಡಲಿಗೆ ನೇತುಹಾಕಿ ಓಡಿಸುವವನು, ಎಳೆಯ ಮಗನ ಕೈಗೆ ಗಾಡಿಯ ಕೀಲಿ ಕೊಡುವ ತಂದೆ, ಅಂಗಡಿಯ ಕಟ್ಟೆಯನ್ನು ರಸ್ತೆಗೆ ಚಾಚಿದ ವರ್ತಕ, ಇವರೆಲ್ಲರೂ ಅಧಿಕಾರಿಗಳನ್ನು ನಿಂದಿಸುವ ಮೊದಲು ತಮ್ಮ ಪಾಲಿನ ಕರ್ತವ್ಯವನ್ನು ಮಾಡಬೇಕು. ನಡೆಯುವವನಿಗೆ ಬೀದಿಯಲ್ಲಿ ಮೊದಲ ಮರ್ಯಾದೆ ಸಲ್ಲುವ ಊರೇ ನಿಜವಾಗಿ ಬೆಳೆದ ಊರು. ಮುಂಡರಗಿಯು ಆ ಮೇಲ್ಪಂಕ್ತಿಯನ್ನು ಹಾಕಿಕೊಟ್ಟರೆ ಶಿರಹಟ್ಟಿ, ಲಕ್ಷ್ಮೇಶ್ವರಗಳೂ ಅದನ್ನು ಅನುಸರಿಸಲು ತಡವಾಗದು.