ಸಮಾಂತರ ಫಲಕಗಳ ನಡುವಣ ವಿದ್ಯುತ್‌ಕ್ಷೇತ್ರ

ಎರಡು ಲೋಹಫಲಕಗಳನ್ನು ಸಮಾಂತರವಾಗಿ ನಿಲ್ಲಿಸಿ ಬ್ಯಾಟರಿಯ ಎರಡು ತುದಿಗಳಿಗೆ ಜೋಡಿಸಿದರೆ ನಡುವಣ ಅವಕಾಶದಲ್ಲಿ ಏಕರೂಪವಾದ ವಿದ್ಯುತ್‌ಕ್ಷೇತ್ರ ಏರ್ಪಡುವುದು. ಆವೇಶವನ್ನು ಒಂದು ಫಲಕದಿಂದ ಇನ್ನೊಂದಕ್ಕೆ ಸಾಗಿಸಲು ಪ್ರತಿ ಕೂಲಮಿಗೆ ಮಾಡಬೇಕಾದ ಕೆಲಸವನ್ನು ವಿಭವಾಂತರವೆನ್ನುತ್ತೇವೆ. ಕೆಲಸವೆಂದರೆ ಬಲ ಮತ್ತು ದೂರಗಳ ಗುಣಲಬ್ಧ. ಪ್ರತಿ ಕೂಲಮಿನ ಮೇಲಣ ಬಲವೇ ಕ್ಷೇತ್ರತೀವ್ರತೆ. ಆದ್ದರಿಂದ ವಿಭವಾಂತರವನ್ನು ಫಲಕಗಳ ಅಂತರದಿಂದ ಭಾಗಿಸಿದರೆ ಕ್ಷೇತ್ರತೀವ್ರತೆ ದೊರೆಯುವುದು. ಮೀಟರಿಗೆ ಇಷ್ಟು ವೋಲ್ಟ್ ಎಂದರೂ ಕೂಲಮಿಗೆ ಇಷ್ಟು ನ್ಯೂಟನ್ ಎಂದರೂ ಒಂದೇ.

ಸೂತ್ರ ಸುಲಭ, ವಿದ್ಯಾರ್ಥಿಗಳು ಎಡವುವುದು ಅದರ ಬಳಕೆಯಲ್ಲಿ. ಅಂತರವನ್ನು ಇಮ್ಮಡಿಸಿದರೆ ಕ್ಷೇತ್ರವೇನಾಗುವುದೆಂದು ನಾವು ಕೇಳಿದರೆ ‘ಅರ್ಧವಾಗುವುದು’ ಎಂಬ ಉತ್ತರ ಥಟ್ಟನೆ ಬರುತ್ತದೆ. ಬ್ಯಾಟರಿಯ ಜೋಡಣೆ ಹಾಗೆಯೇ ಇದ್ದರೆ ಇದು ಸರಿ. ಅದು ವಿಭವಾಂತರವನ್ನು ಬದಲಾಗಗೊಡುವುದಿಲ್ಲ, ಫಲಕಗಳ ಆವೇಶದ ಅರ್ಧಭಾಗ ಬ್ಯಾಟರಿಗೆ ಹಿಂದಿರುಗುವುದು. ತಂತಿಯನ್ನು ಮೊದಲೇ ಕಳಚಿದ್ದರೆ ಸಂಗತಿಯೇ ಬೇರೆ. ಆವೇಶ ಎಲ್ಲಿಗೂ ಹೋಗಲಾರದು. ಕ್ಷೇತ್ರವು ಫಲಕದ ಮೇಲಣ ಆವೇಶಸಾಂದ್ರತೆಯನ್ನೇ ಅವಲಂಬಿಸುವುದರಿಂದ ಹಿಂದಿನಂತೆಯೇ ಉಳಿದು, ವಿಭವಾಂತರವು ಇಮ್ಮಡಿಯಾಗುವುದು. ಹೆಚ್ಚಿದ ಶಕ್ತಿ ಎಲ್ಲಿಂದ ಬಂದಿತು? ಪರಸ್ಪರ ಆಕರ್ಷಿಸುವ ಫಲಕಗಳನ್ನು ದೂರಕ್ಕೆಳೆದ ಕೈಯಿಂದ. ಈ ಪ್ರಶ್ನೆಯನ್ನು ಪಾಠದಲ್ಲಿ ಬಿಟ್ಟುಬಿಡುವುದು ಸಲ್ಲದೆಂದು ನಮ್ಮ ಅಭಿಪ್ರಾಯ.

ಇಷ್ಟು ಸರಳವಾದ ಸಂಬಂಧದ ಮೇಲೆ ಎಂತಹ ಭಾರವನ್ನು ಹೊರಿಸಬಹುದೆಂಬುದಕ್ಕೆ ರಾಬರ್ಟ್ ಮಿಲಿಕನ್ನರು ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ನಡೆಸಿ 1913ರಲ್ಲಿ ಪ್ರಕಟಿಸಿದ ತೈಲಬಿಂದು ಪ್ರಯೋಗವೇ ನಿದರ್ಶನ. ಅವರ ಫಲಕಗಳ ವ್ಯಾಸ 22 ಸೆಂಟಿಮೀಟರ್, ಅಂತರ ಸುಮಾರು 15 ಮಿಲಿಮೀಟರ್. ವಿಭವಾಂತರ 5,000 ವೋಲ್ಟ್ ಎಂದಿಟ್ಟುಕೊಂಡರೆ ಕ್ಷೇತ್ರವು ಮೀಟರಿಗೆ ಸುಮಾರು 3,30,000 ವೋಲ್ಟ್ ಆಗುವುದು. ಗಾಳಿಯಲ್ಲಿ ಕಿಡಿ ಹಾರಲು ಬೇಕಾದುದರ ಸುಮಾರು ಹತ್ತರಲ್ಲೊಂದು ಪಾಲು ಇದು. ಹತ್ತು ಎಲೆಕ್ಟ್ರಾನುಗಳ ಆವೇಶವನ್ನು ಹೊತ್ತ, ಮಿಲಿಮೀಟರಿನ ಇನ್ನೂರರಲ್ಲೊಂದು ಭಾಗದಷ್ಟು ವ್ಯಾಸದ ತೈಲಬಿಂದುವು ಕೆಳಗೆ ಬೀಳದಂತೆ ತಡೆಯಲು ಇಷ್ಟು ಸಾಕು.

ಫಲಕಗಳ ಅಂಚಿನಲ್ಲಿ ಬಲರೇಖೆಗಳು ಹೊರಕ್ಕೆ ಬಾಗುವುದರಿಂದ ಸೂತ್ರವು ಅಲ್ಲಿ ಸಲ್ಲದು. ಅಗಲಕ್ಕೆ ಹೋಲಿಸಿದರೆ ಅಂತರ ಚಿಕ್ಕದಾಗಿದ್ದುದರಿಂದಲೂ ಬಿಂದುವನ್ನು ಮಧ್ಯಭಾಗದಲ್ಲಿ ವೀಕ್ಷಿಸಿದುದರಿಂದಲೂ ಮಿಲಿಕನ್ನರನ್ನು ಈ ತೊಡಕು ಬಾಧಿಸಲಿಲ್ಲ. ಅಂತರದ ಅಳತೆಯಲ್ಲಿ ಮಾತ್ರ ಸಡಿಲಿಕೆಗೆ ಎಡೆಯಿರಲಿಲ್ಲ: 0.15 ಮಿಲಿಮೀಟರ್ ತಪ್ಪಿದರೆ ಎಲೆಕ್ಟ್ರಾನಿನ ಆವೇಶವೂ ನೂರಕ್ಕೆ ಒಂದರಷ್ಟು ತಪ್ಪುತ್ತಿತ್ತು. ಅವರು ಪಡೆದ ಬೆಲೆ 1.592×10⁻¹⁹ ಕೂಲಮ್, 2019ರಲ್ಲಿ ನಿಶ್ಚಿತಗೊಳಿಸಿದ ಬೆಲೆ 1.602176634×10⁻¹⁹ ಕೂಲಮ್. ಈ ಕೊರತೆಗೆ ಮುಖ್ಯ ಕಾರಣ ಫಲಕಗಳಲ್ಲ, ಲೆಕ್ಕಕ್ಕೆ ತೆಗೆದುಕೊಂಡ ಗಾಳಿಯ ಸ್ನಿಗ್ಧತೆಯ ಬೆಲೆ ತುಸು ಕಡಿಮೆಯಿದ್ದುದು.