ಗಂಟೆಗೊಂದು ಕಲೆ, ಗಾಳಿಗೊಂದು ಅಂಕೆ

ಬೆಂಗಳೂರಿನ ಪೀಣ್ಯ, ಹೆಬ್ಬಾಳ, ಸಿಲ್ಕ್ ಬೋರ್ಡ್, ಜಯನಗರದಲ್ಲೆಲ್ಲ ಗಾಳಿ ಅಳೆಯುವ ಕೇಂದ್ರಗಳಿವೆ. ಹೊರಗಿನಿಂದ ಅವು ಬರೀ ಪುಟ್ಟ ಕೋಣೆ, ಮೇಲೆ ಒಂದಷ್ಟು ಕೊಳವೆ. ನನ್ನನ್ನು ಸೆಳೆದದ್ದು ಒಳಗೆ ದೂಳು ಅಳೆಯುವ ಯಂತ್ರ. ಹಳೇ ಕ್ಯಾಸೆಟ್ಟಿನಂತೆ ಅದರಲ್ಲಿ ಎರಡು ಸುರುಳಿ, ನಡುವೆ ಬಿಳಿ ಫಿಲ್ಟರ್ ಪಟ್ಟಿ. ಕೊಳವೆಯಿಂದ ಎಳೆದ ಗಾಳಿಯಲ್ಲಿ ದಪ್ಪ ಕಣಗಳು ದಾರಿಯಲ್ಲೇ ಉಳಿಯುತ್ತವೆ. ಸಣ್ಣವು ಮಾತ್ರ ಪಟ್ಟಿಯ ಮೇಲೆ ಬಂದು ಕೂರುತ್ತವೆ. ಗಂಟೆ ಕಳೆಯುವಷ್ಟರಲ್ಲಿ ಅಲ್ಲೊಂದು ಗುಂಡನೆಯ ಕಲೆ. ಅದರ ಮೂಲಕ ಹಾಯುವ ಬೀಟಾ ಕಿರಣ ಎಷ್ಟು ಕುಂದಿತು ಎಂಬುದರ ಮೇಲೆ ದೂಳಿನ ತೂಕ ನಿರ್ಧಾರವಾಗುತ್ತದೆ. ಪಟ್ಟಿ ಸರಿಯುತ್ತದೆ, ಮತ್ತೊಂದು ಕಲೆ ಶುರು. ಗಾಳಿ ತಿಳಿಯಾಗಿದ್ದರೆ ಕಲೆ ಕಂಡೂ ಕಾಣದಂತಿರುತ್ತದೆ. ದೂಳು ಹೊಗೆ ಹೆಚ್ಚಿದಷ್ಟೂ ಕಪ್ಪಾಗುತ್ತದೆ. ನಾವು ಒಳಗೆಳೆದುಕೊಂಡದ್ದನ್ನು ಕಣ್ಣಾರೆ ತೋರಿಸುವ ಸಾಕ್ಷಿ ಇದಕ್ಕಿಂತ ಬೇರೆ ಬೇಕೇ?

ದೇಶದಲ್ಲಿ ಗಾಳಿ ಅಳೆಯುವ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು 1984ರಲ್ಲಿ. ಆಗ ಎಲ್ಲವೂ ಕೈಕೆಲಸ: ಫಿಲ್ಟರ್ ಹಾಳೆಯ ತೇವ ತೆಗೆದು ತೂಗಬೇಕು, ಯಂತ್ರಕ್ಕೆ ಹಾಕಬೇಕು, ಮತ್ತೆ ತಂದು ತೂಗಬೇಕು. ವಾರಕ್ಕೆ ಎರಡು ದಿನ ಈ ಕೆಲಸ. ಇಂದಿಗೂ ಹಲವೆಡೆ ಇದೇ ಕ್ರಮವಿದೆ. ಆದರೆ ಆ ಲೆಕ್ಕ ಕೈಸೇರುವಾಗ ಆ ದಿನದ ಗಾಳಿಯನ್ನು ಜನ ಕುಡಿದು ಮುಗಿದಿರುತ್ತದೆ. 2015ರ ಏಪ್ರಿಲ್‌ನಲ್ಲಿ ಬಂದ ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕ, ಗಂಟೆಗಂಟೆಗೆ ಅಳೆಯುವ ಇಂಥ ಯಂತ್ರಗಳ ಲೆಕ್ಕ ಬಳಸಿ, ಈ ವಿಳಂಬವನ್ನು ತಗ್ಗಿಸಿತು.

ಸೂಚ್ಯಂಕ 0ಯಿಂದ 500ರವರೆಗೆ, ಆರು ಬಣ್ಣಗಳಲ್ಲಿ. ಎಂಟು ಮಾಲಿನ್ಯಕಾರಕಗಳು ಇದರ ವ್ಯಾಪ್ತಿಗೆ ಬರುತ್ತವೆ. ಕನಿಷ್ಠ ಮೂರರ ಮಾಹಿತಿ ಬೇಕು, ಅವುಗಳಲ್ಲಿ ಒಂದು ದೂಳಿನದೇ ಆಗಿರಬೇಕು. ಇವುಗಳ ನಡುವೆ ಸರಾಸರಿ ಹಿಡಿಯುವುದಿಲ್ಲ, ಯಾವುದು ಅತಿ ಕೆಟ್ಟದೋ ಅದರ ಅಂಕೆಯೇ ಆ ಕೇಂದ್ರದ ಅಂಕೆ. ಇದು ಪ್ರಾಮಾಣಿಕ ವಿಧಾನ.

ಆದರೂ ಎರಡು ಕೊರತೆಗಳು ಕಾಡುತ್ತವೆ. ದೂಳಿನ ಲೆಕ್ಕ 24 ಗಂಟೆಗಳ ಸರಾಸರಿಯಾದ್ದರಿಂದ ಬೆಳಗಿನ ಟ್ರಾಫಿಕ್‌ನಲ್ಲಿ ಶಾಲೆಗೆ ಹೋಗುವ ಮಗು ಕುಡಿದ ಹೊಗೆ ಅದರಲ್ಲಿ ಕರಗಿಹೋಗುತ್ತದೆ. ಇನ್ನು, ಪಿಎಂ 2.5 ಎಂಬ ಸಣ್ಣ ದೂಳಿನ ಕಣ ಘನಮೀಟರಿಗೆ 60 ಮೈಕ್ರೋಗ್ರಾಂ ಇದ್ದರೂ ಸೂಚ್ಯಂಕ 100, ಅಂದರೆ ‘ತೃಪ್ತಿಕರ’. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ದಿನದ ಮಿತಿ 15 ಮಾತ್ರ.

ನಮ್ಮ ಜಿಲ್ಲೆಗಳಲ್ಲಿ ಕೇಂದ್ರಗಳು ಇನ್ನೂ ವಿರಳ. ದೊಡ್ಡ ಊರಿಗೂ ಒಂದೇ ಕೇಂದ್ರವಿದ್ದರೆ, ಅದರ ಅಂಕೆ ಕಲ್ಲು ಕ್ವಾರಿಯ ಪಕ್ಕದವರ ಕಥೆ ಹೇಳಲಾರದು. ಮೊಬೈಲಿನಲ್ಲಿ ಸೂಚ್ಯಂಕ ತೋರಿಸುವ ‘ಸಮೀರ್’ ಆ್ಯಪ್ ಇದೆ, ನಿಜ. ಆದರೆ ದಿನವಿಡೀ ರಸ್ತೆಯಲ್ಲೇ ದುಡಿಯುವ ಪೌರಕಾರ್ಮಿಕರಿಗೆ, ತಳ್ಳುಗಾಡಿಯವರಿಗೆ, ಆಟೊದವರಿಗೆ ಈ ಅಂಕೆ ತಲುಪಬೇಕಾದರೆ ಬಸ್ ನಿಲ್ದಾಣದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಕನ್ನಡದಲ್ಲಿ ಕಾಣಬೇಕು. ಅಲ್ಲಿಯವರೆಗೆ, ಮನೆಯಲ್ಲಿ ಉಬ್ಬಸದವರಿದ್ದರೆ 100ಕ್ಕೆ ಕಾಯಬೇಡಿ. ಸೂಚ್ಯಂಕ 50 ದಾಟಿದಾಗಲೇ ಎಚ್ಚರ ವಹಿಸಿ.